ಸುಳ್ಳು ಸವಾಲಿಗಿಂತ ಗುಟ್ಟಿನ ಬೆರಳು ಕೆಟ್ಟದ್ದು

ಬ್ರಿಡ್ಜ್ ಆಟದಲ್ಲಿ ಕೈಯಲ್ಲಿ ಇಲ್ಲದ ಎಲೆಗಳು ಇವೆಯೆಂಬಂತೆ ಸವಾಲು ಕೂಗುವುದುಂಟು. ಇಸ್ಪೀಟು ಎಂದೊಡನೆ ಅಂದರ್-ಬಾಹರ್ ಮತ್ತು ಪೊಲೀಸ್ ದಾಳಿಯೇ ನೆನಪಾಗುವ ನಮ್ಮ ಕಡೆ, ಜೂಜಿಗೆ ಸುಳ್ಳೂ ಸೇರಿತು ಎಂದು ಜನ ಮೂಗು ಮುರಿಯುವುದು ಸಹಜ. ಆದರೆ ಬ್ರಿಡ್ಜ್ ಬುದ್ಧಿಯ ಆಟ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಜೋಡಿ ಭಾರತಕ್ಕೆ ಚಿನ್ನ ತಂದದ್ದು ಇದರಲ್ಲೇ. ಸುಳ್ಳು ಸವಾಲನ್ನು ಈ ಆಟದ ನಿಯಮಗಳು ಎಲ್ಲಿಯವರೆಗೆ ಒಪ್ಪುತ್ತವೆ, ಯಾವ ಗೆರೆ ದಾಟಿದರೆ ತಡೆಯುತ್ತವೆ ಎಂಬುದರಲ್ಲಿ ನರಗುಂದದ ಮಾರುಕಟ್ಟೆಗೆ ಹೆಸರು, ಕಡಲೆ ತರುವ ರೈತನಿಗೂ ಕೆಲಸಕ್ಕೆ ಬರುವ ವಿವೇಕವಿದೆ.

ಒಂದು ಕೈ ನೋಡೋಣ. ಜೊತೆಗಾರ ಪಾಸ್ ಎಂದಿದ್ದಾನೆ, ಎದುರಾಳಿಯೂ ಪಾಸ್. ಮೂರನೆಯವನ ಬಳಿ ಇರುವುದು ನಾಲ್ಕೇ ಅಂಕದ ಎಲೆಗಳು, ಇಸ್ಪೀಟು (ಸ್ಪೇಡ್) ಬಣ್ಣದವು ಎರಡೇ, ಅವೂ ಸಣ್ಣವು. ಆಟ ತೆರೆಯಲು ಸಾಮಾನ್ಯವಾಗಿ ಹನ್ನೆರಡು ಅಂಕ ಬೇಕು. ಆದರೂ ಅವನು ‘ಒಂದು ಇಸ್ಪೀಟು’ ಎನ್ನುತ್ತಾನೆ. ಇಸ್ಪೀಟಿನ ಬಲವೆಲ್ಲ ತಮ್ಮಲ್ಲೇ ಇದ್ದರೂ ಎದುರಾಳಿಗಳು ಆ ಬಣ್ಣವನ್ನು ಕೂಗಲು ಹಿಂಜರಿಯುತ್ತಾರೆ. 1930ರ ದಶಕದ ಆರಂಭದಲ್ಲೇ ಅಮೆರಿಕದ ಡೊರೊಥಿ ರೈಸ್ ಸಿಮ್ಸ್ ಈ ತಂತ್ರದ ಬಗ್ಗೆ ಪುಸ್ತಕ ಬರೆದಿದ್ದರು. ಅಂತರರಾಷ್ಟ್ರೀಯ ನಿಯಮಾವಳಿಯ 40ನೇ ನಿಯಮ ಇದಕ್ಕೆ ಅವಕಾಶ ಕೊಡುತ್ತದೆ, ಆದರೆ ಬಿಗಿಯಾದ ಒಂದು ಷರತ್ತಿನ ಮೇಲೆ: ಈ ಸುಳ್ಳನ್ನು ಊಹಿಸಲು ಎದುರಾಳಿಗಳಿಗಿಂತ ಹೆಚ್ಚಿನ ಕಾರಣ ಜೊತೆಗಾರನಿಗೂ ಇರಬಾರದು. ಅವನೂ ಅದನ್ನು ನಿಜವೆಂದೇ ನಂಬಿ ಸವಾಲು ಏರಿಸಬಹುದು, ಕೂಗಿದವನು ತಾನು ತೋಡಿದ ಹಳ್ಳಕ್ಕೆ ತಾನೇ ಬೀಳಬಹುದು. ಸುಳ್ಳಿನ ಅಪಾಯವನ್ನು ಸುಳ್ಳು ಹೇಳಿದವನೇ ಹೊರುತ್ತಾನೆ. ಇದನ್ನು ಮೋಸ ಎನ್ನಲಾಗದು.

ಮೋಸ ಯಾವುದು? 1965ರಲ್ಲಿ ಬ್ಯೂನಸ್ ಐರಿಸ್‌ನ ವಿಶ್ವ ಪಂದ್ಯಾವಳಿಯಲ್ಲಿ ಬ್ರಿಟನ್ನಿನ ಟೆರೆನ್ಸ್ ರೀಸ್, ಬೋರಿಸ್ ಶಪಿರೊ ಜೋಡಿ ಎಲೆ ಹಿಡಿದ ಬೆರಳುಗಳ ಎಣಿಕೆಯಿಂದ ಪರಸ್ಪರ ಸುಳಿವು ಕೊಡುತ್ತಿತ್ತು ಎಂಬ ಆರೋಪ ಬಂತು. ವಿಶ್ವ ಬ್ರಿಡ್ಜ್ ಒಕ್ಕೂಟ ಅವರನ್ನು ತಪ್ಪಿತಸ್ಥರೆಂದಿತು. ಬ್ರಿಟನ್ನಿನಲ್ಲಿ ನಡೆದ ವಿಚಾರಣೆ ಆರೋಪ ಸಾಬೀತಾಗಿಲ್ಲ ಎಂದಿತು. ತೀರ್ಪು ಏನೇ ಇರಲಿ, ಬೆರಳಿನ ಗುಟ್ಟು ಮಹಾಪರಾಧ ಎಂಬುದರಲ್ಲಿ ಎರಡೂ ಕಡೆಯವರಿಗೆ ಸಂಶಯವಿರಲಿಲ್ಲ. ನಮ್ಮ ಹಳೆಯ ಪೇಟೆಗಳಲ್ಲೂ ಬೆರಳುಗಳೇ ಮಾತಾಡುತ್ತಿದ್ದವು. ವಸ್ತ್ರದ ಮರೆಯಲ್ಲಿ ದಲಾಲಿಯ ಬೆರಳು ಹಿಡಿದು ಖರೀದಿದಾರ ದರ ಹೇಳುತ್ತಿದ್ದ. ಮಾಲಿನ ಒಡೆಯ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಕಾಣುತ್ತಿದ್ದದ್ದು ಬಟ್ಟೆ ಮಾತ್ರ. ಆ ವಸ್ತ್ರವನ್ನು ತೆಗೆಯಲೆಂದೇ ನಿಯಂತ್ರಿತ ಮಾರುಕಟ್ಟೆ, ಬಹಿರಂಗ ಸವಾಲು ಬಂದವು. ಕರ್ನಾಟಕದ ಎಪಿಎಂಸಿ ಕಾಯ್ದೆ 1966ರದ್ದು. 2014ರಿಂದ ಈಚೆಗೆ ಆನ್‌ಲೈನ್ ಟೆಂಡರೂ ಬಂದಿದೆ.

ಆಟದ ನೀತಿಯನ್ನು ಹೊಟ್ಟೆಪಾಡಿನ ವ್ಯವಹಾರಕ್ಕೆ ತರಬಹುದೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ತೂಕವಿದೆ. ಬ್ರಿಡ್ಜ್ ಮೇಜಿನಲ್ಲಿ ನಾಲ್ವರಿಗೂ ಹದಿಮೂರು ಹದಿಮೂರು ಎಲೆ. ‘ಗದಗದಲ್ಲಿ ದರ ಬಿದ್ದಿದೆ’ ಎಂದು ಖರೀದಿದಾರ, ‘ಹಾಗಾದರೆ ಹುಬ್ಬಳ್ಳಿಗೆ ಒಯ್ಯುತ್ತೇನೆ’ ಎಂದು ರೈತ ಬೆದರಿಸಿಕೊಂಡರೆ, ಇಬ್ಬರ ಮಾತೂ ಹುಸಿಯಾಗಿರಬಹುದು. ಆದರೆ ಸಾಲವಿರುವ, ದಾಸ್ತಾನಿಗೆ ಜಾಗವಿಲ್ಲದ ರೈತನ ಹುಸಿ ಗಾಡಿ ಬಾಡಿಗೆ ಲೆಕ್ಕ ಹಾಕುವಷ್ಟರಲ್ಲಿ ಬಯಲಾಗುತ್ತದೆ. 1980ರ ಜುಲೈ 21ರಂದು ರೈತ ಬಂಡಾಯದಲ್ಲಿ ನರಗುಂದ ಸಿಡಿದಾಗ ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ಭಾರದೊಂದಿಗೆ ಹತ್ತಿಯ ಬೆಲೆ ಕುಸಿದ ನೋವೂ ಇತ್ತೆಂಬುದನ್ನು ಮರೆಯಬಾರದು. ಕೈಗಳು ಸಮವಿಲ್ಲದ ಕಡೆ ನಿಯಮ ಆಟದ ಮೇಜಿಗಿಂತ ಹೆಚ್ಚು ಬಿಗಿಯಾಗಬೇಕು. ಸುತ್ತಲಿನ ಪೇಟೆಗಳ ಅಂದಿನ ದರ ಅಂಗಳದಲ್ಲೇ ಕಾಣಬೇಕು, ಕಾಳಿನ ತೇವಾಂಶವನ್ನು ಯಂತ್ರ ಹೇಳಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಬೆರಳು, ವಸ್ತ್ರ ಯಾವುದೂ ಬೇಡ. ದಿನವೂ ಒಟ್ಟಿಗೆ ಕೂಡುವವರಿಗೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುತ್ತದೆ, ಅದನ್ನು ಯಾವ ಕಾನೂನು ತಡೆದೀತು? ಬ್ರಿಡ್ಜ್‌ನವರು ಈ ಪ್ರಶ್ನೆಯನ್ನು ಎಂದೋ ಎದುರಿಸಿದ್ದಾರೆ. ಒಬ್ಬ ಆಟಗಾರ ಪದೇ ಪದೇ ಹುಸಿ ಸವಾಲು ಕೂಗಿದರೆ ಜೊತೆಗಾರನಿಗೆ ಅದು ರೂಢಿಯಾಗುತ್ತದೆ. ಬಾಯಿಬಿಟ್ಟು ಮಾತಾಡಿಕೊಳ್ಳದಿದ್ದರೂ ಅದನ್ನು ಒಪ್ಪಂದವೆಂದೇ ನಿಯಮ ಎಣಿಸುತ್ತದೆ, ಎದುರಾಳಿಗಳಿಗೆ ತಿಳಿಸಲೇಬೇಕು ಎನ್ನುತ್ತದೆ. ಹಾಗಾಗಿಯೇ ಅಲ್ಲಿ ಸಾಕ್ಷಿಗಿಂತ ದಾಖಲೆಗೆ ಬೆಲೆ ಹೆಚ್ಚು. ಮಾರುಕಟ್ಟೆಯಲ್ಲೂ ಒಳಸಂಚನ್ನು ಹಿಡಿಯಲು ಪಿಸುಮಾತಿಗೆ ಕಿವಿಗೊಡುತ್ತ ಕೂಡಬೇಕಿಲ್ಲ. ಒಂದೊಂದು ರಾಶಿಗೆ ಎಷ್ಟು ಜನ ಟೆಂಡರ್ ಹಾಕಿದರು, ಗೆದ್ದ ದರಕ್ಕೂ ಎರಡನೆಯದಕ್ಕೂ ಅಂತರ ಎಷ್ಟು, ಗೆಲುವು ಸರದಿಯಂತೆ ಕೆಲವರಲ್ಲೇ ಸುತ್ತುತ್ತಿದೆಯೇ ಎಂಬುದನ್ನು ಗಣಕದ ಲೆಕ್ಕವೇ ತೋರಿಸಬಲ್ಲದು. ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡದಿರುವ ಹಕ್ಕು ರೈತನಿಗಿದೆ. ಆ ಹಕ್ಕನ್ನು ಚಲಾಯಿಸಬೇಕಾದರೆ ಗೆದ್ದ ದರವೊಂದೇ ಸಾಲದು; ತನ್ನ ಹೆಸರಿನ ರಾಶಿಗೆ ಬಂದ ಎಲ್ಲ ದರಗಳ ಪಟ್ಟಿ, ಟೆಂಡರ್ ಮುಗಿದ ಕೂಡಲೇ, ತೂಕಕ್ಕೆ ಹಾಕುವ ಮೊದಲೇ ಅವನ ಕೈಗೆ ಬರಬೇಕು.