ಕೋಡಿಂಗ್ ಜೊತೆ ಕಾನೂನೂ ಇರಲಿ

ನಮ್ಮಲ್ಲಿ ಪಿಯುಸಿ ಮುಗಿದ ಕೂಡಲೇ ದಾರಿ ಬೇರೆಯಾಗುತ್ತದೆ. ಬಿಇಗೆ ಹೋದವರು ಕಾನೂನಿನ ಕಡೆ ತಿರುಗಿ ನೋಡುವುದಿಲ್ಲ, ಲಾ ಸೇರಿದವರು ಕಂಪ್ಯೂಟರಿನ ಒಳಗೆ ಇಣುಕುವುದಿಲ್ಲ. ಕಾಳಿ ನದಿಯ ವಿದ್ಯುತ್ ಯೋಜನೆಯಿಂದಲೇ ಬೆಳೆದ ನಮ್ಮ ಅಂಬಿಕಾನಗರದಲ್ಲಂತೂ ‘ಎಂಜಿನಿಯರ್‌ಗೆ ಲಾ ಯಾಕೆ?’ ಎನ್ನುವವರೇ ಹೆಚ್ಚು. ಯಾಕೆ ಬೇಕು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

2024ರ ಜುಲೈ 1ರಂದು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂತು. ಅದರ 63ನೇ ಸೆಕ್ಷನ್ ಪ್ರಕಾರ ವಾಟ್ಸ್‌ಆ್ಯಪ್ ಚಾಟ್, ಸಿಸಿಟಿವಿ ದೃಶ್ಯದಂಥವುಗಳ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ದಾಖಲೆ ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಫೈಲಿನ ‘ಹ್ಯಾಶ್’ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದಂತೆ. ಒಂದಕ್ಷರ ತಿದ್ದಿದರೂ ಬದಲಾಗುತ್ತದೆ. ಹ್ಯಾಶ್ ಗೊತ್ತಿರುವ ನಮಗೆ ಸೆಕ್ಷನ್ ಗೊತ್ತಿಲ್ಲ. ಸೆಕ್ಷನ್ ಗೊತ್ತಿರುವವರಿಗೆ ಹ್ಯಾಶ್ ಹೊಸದು. ಇವರಿಬ್ಬರ ನಡುವೆ ಒದ್ದಾಡುವವರು ಆನ್‌ಲೈನ್‌ನಲ್ಲಿ ಮೋಸಹೋದ ಸಾಮಾನ್ಯರು.

ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವೇನಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ.

ಹಾಗಿದ್ದರೂ ಓದಿನ ದಾರಿ ಉದ್ದವಿದೆ. ಬಿಎ, ಬಿಬಿಎ ಜೊತೆ ಕಾನೂನು ಓದುವವರಿಗೆ ನಮ್ಮಲ್ಲಿ ಐದು ವರ್ಷದ ಕೋರ್ಸ್‌ಗಳಿವೆ. ಬಿಇ ಓದಿದವರು ನಾಲ್ಕು ವರ್ಷದ ಮೇಲೆ ಮೂರು ವರ್ಷ ಎಲ್‌ಎಲ್‌ಬಿ ಓದಬೇಕು. ಏಳು ವರ್ಷ ಕಾಯುವ ಶಕ್ತಿ ಎಷ್ಟು ಮನೆಗಳಿಗಿದೆ? ಬೆಳಗಾವಿಯ ವಿಟಿಯು ಮತ್ತು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ ಎರಡೂ ನಮ್ಮ ಭಾಗದಲ್ಲೇ ಇವೆ. ಡಿಜಿಟಲ್ ಸಂವಹನ ಮತ್ತು ಕಾನೂನನ್ನು ಸೇರಿಸಿ ಒಂದು ಸಂಯುಕ್ತ ಪದವಿಯನ್ನು ಅವು ಕೂಡಿ ರೂಪಿಸಬಾರದೇಕೆ?

‘ಎರಡು ದೋಣಿಯಲ್ಲಿ ಕಾಲಿಟ್ಟಂತೆ’ ಎಂಬ ಆಕ್ಷೇಪ ಬರಬಹುದು. ಎರಡು ಪಠ್ಯವನ್ನು ಸುಮ್ಮನೆ ಪಕ್ಕಪಕ್ಕ ಇಟ್ಟರೆ ಅದು ನಿಜವೂ ಹೌದು. ಆದರೆ ಡಿಜಿಟಲ್ ಸಾಕ್ಷ್ಯ, ದತ್ತಾಂಶ ರಕ್ಷಣೆ, ಸೈಬರ್ ಅಪರಾಧದಂಥ ವಿಷಯಗಳಲ್ಲಿ ಇವೆರಡೂ ಬೇರೆ ಬೇರೆ ದೋಣಿಗಳೇ ಅಲ್ಲ.

ಅಂಥ ಪದವಿ ಬರುವವರೆಗೆ ಸುಮ್ಮನೆ ಕೂರಬೇಕಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಎರಡೂ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕ್ಯಾಂಪಸ್ ಸಂದರ್ಶನದ ತಯಾರಿ ನಡುವೆ ದಿನಕ್ಕೆರಡು ಪುಟ ಓದೋಣ. ನಾಳೆ ನಾವು ಬರೆಯುವ ಆ್ಯಪ್ ಯಾರ ಹಕ್ಕನ್ನು ಮುಟ್ಟುತ್ತದೆ ಎನ್ನುವುದು ನಮಗೇ ಮೊದಲು ತಿಳಿದಿರಬೇಕು.