ಬಾಡಿದ ಸೂರ್ಯಕಾಂತಿ ಗಿಡಕ್ಕೆ ಸಕ್ಕರೆ ನೀರು ಹಾಕಿದರೆ ಚೇತರಿಸಿಕೊಳ್ಳುತ್ತದೆಯೇ?

ಬಾಡಿದ ಗಿಡದ ಬುಡಕ್ಕೆ ಸಕ್ಕರೆ ನೀರು ಹಾಕಿ, ಒಂದು ಹಿಡಿ ಯೂರಿಯಾ ಹಾಕಿ, ಮರುದಿನವೇ ನೆಟ್ಟಗೆ ನಿಲ್ಲುತ್ತದೆ ಎಂಬಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತವೆ. ಸೂರ್ಯಕಾಂತಿಯ ವಿಷಯದಲ್ಲಿ ಇದು ಎಷ್ಟು ನಿಜ? ನೋಡೋಣ.

ನಿಜವಲ್ಲ. ಗಿಡ ತನಗೆ ಬೇಕಾದ ಸಕ್ಕರೆಯನ್ನು ಬಿಸಿಲಿನ ನೆರವಿನಿಂದ ಎಲೆಯಲ್ಲೇ ತಯಾರಿಸಿಕೊಳ್ಳುತ್ತದೆ. ಉಪ್ಪು ಹಾಕಿದ ಮಾವಿನಕಾಯಿ ನೀರು ಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಬುಡದಲ್ಲಿ ಸಕ್ಕರೆಯೋ ಗೊಬ್ಬರವೋ ಹೆಚ್ಚಾದರೆ ಬೇರಿಗೂ ಅದೇ ಗತಿ. ನೀರು ಬೇಕಾದ ಗಿಡದಿಂದಲೇ ನೀರು ಹೊರಬರುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲು ಸಂಜೆಯವರೆಗೆ ಕಾಯಿರಿ. ಸೂರ್ಯಕಾಂತಿಯ ಎಲೆ ಅಗಲ. ಮಧ್ಯಾಹ್ನದ ಬಿಸಿಲಿನಲ್ಲಿ ಬೇರು ಒದಗಿಸುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಆವಿಯಾಗುತ್ತದೆ, ಎಲೆ ಜೋತುಬೀಳುತ್ತದೆ. ಸಂಜೆ ತಂಪಾದ ಮೇಲೆ ತಾನೇ ಎದ್ದರೆ ಚಿಂತೆಯಿಲ್ಲ.

ಬೆಳಿಗ್ಗೆಯೂ ಬಾಡಿಯೇ ಇದ್ದರೆ ಮಣ್ಣಿನೊಳಗೆ ಬೆರಳು ಇಳಿಸಿ ನೋಡಿ. ಒಣಗಿದ್ದರೆ, ಕುಂಡದ ತಳದಿಂದ ನೀರು ಹೊರಬರುವಷ್ಟು ನಿಧಾನವಾಗಿ ಹಾಕಿ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆಯುತ್ತಿರಬಹುದು. ಬೇರಿಗೂ ಗಾಳಿ ಬೇಕು. ನೀರು ನಿಲ್ಲಿಸಿ, ತಳದ ತೂತು ಮುಚ್ಚಿಕೊಂಡಿದೆಯೇ ನೋಡಿ. ಇಂಥ ಗಿಡಕ್ಕೆ ಬಾಡಿದೆಯೆಂದು ಮತ್ತೆ ನೀರು ಹಾಕುವುದೇ ಅದನ್ನು ಕೊಲ್ಲುತ್ತದೆ. ಹೊಸ ಚಿಗುರು ಬರುವವರೆಗೆ ಗೊಬ್ಬರ ಬೇಡ. ಕಿತ್ತು ಬೇರೆಡೆ ನೆಡುವುದೂ ಬೇಡ, ತಾಯಿಬೇರು ತುಂಡಾದರೆ ಚೇತರಿಕೆ ಕಷ್ಟ.

ಉಳಿಸಲಾಗದ ಗಿಡವೂ ಇದೆ

ಎಲೆ, ಕಾಂಡಗಳ ಮೇಲೆ ಕಪ್ಪಾಗಿ ಒಣಗಿದ ಪಟ್ಟಿಗಳು ಬಂದು, ತುದಿ ತಿರುಚಿಕೊಂಡರೆ ಅದು ನೆಕ್ರೋಸಿಸ್ ರೋಗ ಇರಬಹುದು. 1997ರಲ್ಲಿ ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ಕಾಣಿಸಿಕೊಂಡ ಈ ರೋಗ ಮುಂದೆ ಬೇರೆ ರಾಜ್ಯಗಳ ರೈತರನ್ನೂ ಕಾಡಿತು. ಇದಕ್ಕೆ ಕಾರಣ ಒಂದು ವೈರಸ್. ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಗಿಡ ಎನ್ನುವ ಕಳೆ, ರೋಗದ ಲಕ್ಷಣವನ್ನೇ ತೋರಿಸದೆ ಈ ವೈರಸ್ಸನ್ನು ಇಟ್ಟುಕೊಂಡಿರುತ್ತದೆ. ಅದರ ಪರಾಗ ಥ್ರಿಪ್ಸ್ ಎಂಬ ಸಣ್ಣ ಕೀಟಗಳ ಮೂಲಕ ಸೂರ್ಯಕಾಂತಿಗೆ ತಲುಪುತ್ತದೆ. ರೋಗ ಹತ್ತಿದ ಗಿಡವನ್ನು ಗುಣಪಡಿಸುವ ಔಷಧಿ ಇಲ್ಲ. ಅದನ್ನು ಕಿತ್ತು ನಾಶ ಮಾಡಿ, ಸುತ್ತಲಿನ ಪಾರ್ಥೇನಿಯಂ ಹೂ ಬಿಡುವ ಮೊದಲೇ ತೆಗೆಯುವುದೇ ದಾರಿ. ಹೊಲದಲ್ಲಿ ಕಂಡರೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ.

ರೋಗವಲ್ಲದ್ದನ್ನು ರೋಗ ಎನ್ನಬೇಡಿ

ಹೂವು ಸೂರ್ಯನ ಜೊತೆ ತಿರುಗದಿದ್ದರೆ ಗಿಡ ಸಾಯುತ್ತಿದೆ ಎನ್ನುವವರಿದ್ದಾರೆ. ಹಾಗೆ ತಿರುಗುವುದು ಬೆಳೆಯುತ್ತಿರುವ ಎಳೆಯ ಗಿಡ ಮಾತ್ರ. ಅರಳಿ ಬಲಿತ ಹೂವು ಸಾಮಾನ್ಯವಾಗಿ ಪೂರ್ವಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಹೂವಿನ ಹಿಂಭಾಗ ಹಳದಿಯಾಗಿ ತಲೆ ಬಾಗಿದರೆ ಕಾಳು ಬಲಿತಿದೆ ಎಂದರ್ಥ. ಸೂರ್ಯಕಾಂತಿ ಒಂದೇ ಹಂಗಾಮಿನ ಗಿಡ. ಆಗ ಬೇಕಿರುವುದು ಚಿಕಿತ್ಸೆಯಲ್ಲ, ಕೊಯ್ಲು.

ಒಂದೇ ರೀತಿ ಬಾಡಿ ಕಂಡರೂ ಕಾರಣ ಬಿಸಿಲು, ಬಾಯಾರಿಕೆ, ಹೆಚ್ಚಾದ ನೀರು, ವೈರಸ್ ಅಥವಾ ವಯಸ್ಸು ಆಗಿರಬಹುದು. ಎಲ್ಲಕ್ಕೂ ಒಂದೇ ಮದ್ದು ಹೇಳುವ ಸಂದೇಶ ಬಂದರೆ ಮುಂದೆ ಕಳಿಸುವ ಮೊದಲು ಒಮ್ಮೆ ಮಣ್ಣು ಮುಟ್ಟಿ ನೋಡಿ.