ಬೆಲೆಯನ್ನೇ ಕುಡಿಯುವ ರಸಿಕರು

ಗೋಧಿ ಬರ್ಬನ್ ಎಂದ ತಕ್ಷಣ ಅಮೆರಿಕದಲ್ಲಿ ಕೆಲವರು ‘ಪ್ಯಾಪಿ ವ್ಯಾನ್ ವಿಂಕಲ್’ ಎಂದು ಜಪ ಶುರು ಮಾಡುತ್ತಾರೆ. ಕಂಪನಿ ಹೇಳುವ ದರ ಕೆಲವು ನೂರು ಡಾಲರ್. ಕೈ ಬದಲಾಗುತ್ತಾ ಹೋದರೆ ಸಾವಿರಾರು. ಕೊಂಡವರಲ್ಲಿ ಎಷ್ಟೋ ಜನ ಮುಚ್ಚಳವನ್ನೇ ತೆರೆಯುವುದಿಲ್ಲ. ಇದು ರಸಿಕತೆಯಂತೆ! ನಾನಂತೂ ಒಪ್ಪಲ್ಲ.

ಬಾಟಲಿಯ ಒಳಗೆ ಇರೋದೇನು? ಅಲ್ಲಿನ ಕಾನೂನಿನ ಪ್ರಕಾರ ಬರ್ಬನ್ ಮಾಡುವ ಕಾಳಿನಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು. ಬಣ್ಣ ಬೆರೆಸುವಂತಿಲ್ಲ. (ಕಾಕಂಬಿ ಸ್ಪಿರಿಟ್ ಬೆರೆತದ್ದಕ್ಕೂ ವಿಸ್ಕಿ ಎಂದು ಹೆಸರಿಡುವ ನಮಗೆ ಇದು ವಿಚಿತ್ರ ಅನಿಸಬಹುದು.) ಸಾಮಾನ್ಯವಾಗಿ ಜೊತೆಗೆ ರೈ ಎಂಬ ಧಾನ್ಯ ಹಾಕುತ್ತಾರೆ, ಅದು ಮೆಣಸಿನಂತೆ ಚುರುಕು. ಅದರ ಜಾಗಕ್ಕೆ ಗೋಧಿ ಬಂದರೆ ಗೋಧಿ ಬರ್ಬನ್. ಗೋಧಿ ತಾನು ಗಲಾಟೆ ಮಾಡುವುದಿಲ್ಲ. ಮೆಕ್ಕೆಜೋಳದ ಸಿಹಿ, ಸುಟ್ಟ ಮರ ಕೊಡುವ ವೆನಿಲಾ, ಕೆಂಪಗೆ ಕಾಯಿಸಿದ ಸಕ್ಕರೆಯ ಘಮ ಮುಂದೆ ಬರುತ್ತವೆ.

ಕೆಂಟಕಿಯ ಮೇಕರ್ಸ್ ಮಾರ್ಕ್ ಕೂಡ ಇದೇ ಜಾತಿ: ಶೇ. 70 ಮೆಕ್ಕೆಜೋಳ, 16 ಗೋಧಿ, 14 ಮೊಳಕೆ ಬಾರ್ಲಿ. ಸಾಧಾರಣ ಅಂಗಡಿಯಲ್ಲೇ ಸಿಗುತ್ತದೆ, ಹಾಗಾಗಿ ಪಂಡಿತರಿಗೆ ತಾತ್ಸಾರ. ಆದರೆ 2013ರ ಫೆಬ್ರವರಿಯಲ್ಲಿ ಏನಾಯಿತು ಗೊತ್ತಾ? ಬೇಡಿಕೆಗೆ ತಕ್ಕಷ್ಟು ಮಾಲಿಲ್ಲ ಎಂದು ಕಂಪನಿ ಮದ್ಯದ ಪ್ರಮಾಣವನ್ನು ಶೇ. 45ರಿಂದ 42ಕ್ಕೆ ಇಳಿಸಲು ಹೊರಟಿತು. ರುಚಿ ಬದಲಾಗಲ್ಲ ಎಂದೂ ಹೇಳಿತು. ದಿನಾ ಕೊಳ್ಳುವ ಗಿರಾಕಿಗಳು ತಿರುಗಿಬಿದ್ದರು. ಎಂಟ್ಹತ್ತು ದಿನದಲ್ಲೇ ಕಂಪನಿ ಮಾತು ವಾಪಸ್ ಪಡೆಯಿತು. ನನ್ನ ಲೆಕ್ಕದಲ್ಲಿ ರಸಿಕರೆಂದರೆ ಅವರು. ನೀರು ಸೇರಿಸಿ ಅದೇ ಬೆಲೆಗೆ ಮಾರಿದರೆ ಕೇಳುವವರು.

ಇನ್ನು ಪ್ಯಾಪಿ ವಿಷಯ. ಅದೂ ವೆಲ್ಲರ್ ಬರ್ಬನ್ನೂ ಈಗ ತಯಾರಾಗುವುದು ಒಂದೇ ಕಡೆ, ಕೆಂಟಕಿಯ ಬಫಲೋ ಟ್ರೇಸ್‌ನಲ್ಲಿ. ವ್ಯತ್ಯಾಸ ಪೀಪಾಯಿಯ ಆಯ್ಕೆಯಲ್ಲಿ, ವಯಸ್ಸಿನಲ್ಲಿ. (ವೆಲ್ಲರ್ ಹಿಂದೆಯೂ ಈಗ ಜನ ಬಿದ್ದಿದ್ದಾರೆ, ಅದು ಬೇರೆ ಕಥೆ.) ವಯಸ್ಸಾದಷ್ಟೂ ಒಳ್ಳೆಯದು ಎನ್ನುವುದೂ ಪೂರ್ತಿ ನಿಜವಲ್ಲ. ಕೆಂಟಕಿಯ ಬೇಸಿಗೆಯ ಸೆಕೆಗೆ ಹೊಸ ಮರ ಜೋರಾಗಿ ಇಳಿಯುತ್ತದೆ. 23 ವರ್ಷ ಇಟ್ಟರೆ ಕಾಳಿಗಿಂತ ಮರವೇ ಮುಂದೆ ನಿಲ್ಲುವ ಅಪಾಯವಿದೆ.

ರೊಟ್ಟಿ ಮುರಿದು ಬಾಯಿಗಿಟ್ಟು ಜೋಳ ಹೊಸದೋ ಹಳೆಯದೋ ಹೇಳುವವರು ನಮ್ಮ ಊರುಗಳಲ್ಲಿದ್ದಾರೆ. ಅವರು ಚೀಲದ ಮೇಲಿನ ಹೆಸರು ಓದಿ ಹೇಳುವುದಿಲ್ಲ. ಇದಕ್ಕೂ ಅಷ್ಟೇ ಸಾಕು: ಹೆಸರು ಮುಚ್ಚಿ ಎರಡು ಲೋಟಕ್ಕೆ ಸ್ವಲ್ಪ ಸ್ವಲ್ಪ ಹಾಕಿ, ಬಾಯಿ ಸ್ವಲ್ಪ ತೆರೆದು ಮೂಸಿ, ನಾಲ್ಕು ಹನಿ ನೀರು ಬಿಟ್ಟು ಮತ್ತೆ ಮೂಸಿ, ಆಮೇಲೆ ಗುಟುಕು. ಪ್ಯಾಪಿ ಭಕ್ತರು ಈ ಪರೀಕ್ಷೆಗೆ ಕೂರುತ್ತಾರಾ?